ಕಡಲಡಿಯ ಬೆಟ್ಟದ ನಕ್ಷೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಕಾರವಾರದ ಬೈತಖೋಲದವಳು, ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಅಪ್ಪ ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟು ನಡೆಸುವ ತಾಂಡೇಲ. ಬಲೆ ಕಲ್ಲಿಗೆ ಸಿಕ್ಕಿ ಹರಿಯುವ ಜಾಗದ ಸುತ್ತಲೇ ಒಳ್ಳೆಯ ಮೀನಿರುತ್ತದೆ ಎಂದು ಹೇಳುತ್ತಿರುತ್ತಾರೆ. ಆಳ ಸಮುದ್ರದಲ್ಲಿ ದೊಡ್ಡ ಬೆಟ್ಟಗಳಿವೆ, ಅವುಗಳ ಮೇಲೆ ಹವಳ, ಸ್ಪಂಜುಗಳ ತೋಟಗಳಿವೆ ಎಂದು ಈಚೆಗೆ ಓದಿದೆ. ಯಾವ ಜೀವಿ ಬೆಟ್ಟದ ಯಾವ ಭಾಗದಲ್ಲಿದೆ ಎಂದು ಬಣ್ಣ ತುಂಬಿ ತೋರಿಸಿದ ನಕ್ಷೆಗಳನ್ನೂ ನೋಡಿದೆ. ಅಪ್ಪನಿಗೆ ತೋರಿಸಿದರೆ, "ಅಷ್ಟು ಆಳಕ್ಕೆ ಯಾರು ಇಳಿದು ನೋಡಿದ್ದಾರೆ? ಎಲ್ಲ ಅಂದಾಜು" ಎಂದುಬಿಟ್ಟರು. ನನಗೆ ಉತ್ತರ ಹೇಳಲಾಗಲಿಲ್ಲ. ಈ ನಕ್ಷೆಗಳನ್ನು ಹೇಗೆ ಮಾಡುತ್ತಾರೆ? ಅವನ್ನು ನಂಬಬಹುದೇ? ನಮ್ಮ ಅರಬ್ಬೀ ಸಮುದ್ರದಲ್ಲೂ ಇಂಥ ಬೆಟ್ಟಗಳಿವೆಯೇ?

ಉತ್ತರ: ನಿಮ್ಮ ತಂದೆಯವರ ಮಾತು ಮುಕ್ಕಾಲುಪಾಲು ನಿಜ. ಕಡಲಡಿಯ ಬೆಟ್ಟದ ಜೀವನೆಲೆ ತೋರಿಸುವ ಯಾವ ನಕ್ಷೆಯನ್ನೇ ತೆಗೆದುಕೊಳ್ಳಿ, ಅದರಲ್ಲಿ ಕಣ್ಣಾರೆ ಕಂಡದ್ದು ಸಾಸಿವೆಯಷ್ಟು, ಉಳಿದದ್ದು ಅಂದಾಜು. ಹಾಗೆಂದು ಒಪ್ಪಿಕೊಳ್ಳುವುದಕ್ಕೆ ಈ ಕೆಲಸ ಮಾಡುವ ನಾವು ನಾಚಬೇಕಾಗಿಲ್ಲ. ತಾಂಡೇಲರು ನೀರಿನ ಬಣ್ಣ, ಹಕ್ಕಿಗಳ ಸುತ್ತಾಟ, ಶಬ್ದದಿಂದ ಮೀನು, ತಳ ತೋರಿಸುವ ಫಿಶ್ ಫೈಂಡರಿನ ಗೆರೆ ನೋಡಿ ಬಲೆ ಬಿಡುವುದೂ ಅಂದಾಜಿನ ಮೇಲೆಯೇ. ಅವರ ಅಂದಾಜು ಎಂಥದು ಎಂದು ಬಲೆ ಎತ್ತಿದಾಗ ಗೊತ್ತಾಗುತ್ತದೆ. ನಮ್ಮ ಕೆಲಸದಲ್ಲೂ ಹಾಗೆ ಬಲೆ ಎತ್ತಿ ನೋಡುವ ಹಂತವೊಂದು ಇರಬೇಕು. ನಕ್ಷೆ ಬರೆದವರು ಆ ಹಂತದವರೆಗೆ ಹೋಗಿದ್ದಾರೆಯೇ ಎಂಬುದನ್ನು ನೋಡಿಯೇ ನಾನು ನಕ್ಷೆಯನ್ನು ನಂಬುವುದು, ಬಿಡುವುದು.

ಮೊದಲು ಕೊನೆಯ ಪ್ರಶ್ನೆ. ಹೌದು, ಅರಬ್ಬೀ ಸಮುದ್ರದಲ್ಲಿ ಬೆಟ್ಟಗಳಿವೆ. ಕಾರವಾರದಿಂದ ವಾಯವ್ಯಕ್ಕೆ ನೂರಾರು ಕಿಲೋಮೀಟರ್ ಹೋದರೆ ಲಕ್ಷ್ಮೀ ಬೇಸಿನ್ ಎಂಬ ಆಳದ ಬಯಲು ಸಿಗುತ್ತದೆ. ಅದರ ನಡುವೆ ಸಾಲಾಗಿ ರಾಮನ್ ಸೀಮೌಂಟ್, ಪಣಿಕ್ಕರ್ ಸೀಮೌಂಟ್, ವಾಡಿಯಾ ಗೀಯೋ ಇವೆ. ಭೌತವಿಜ್ಞಾನಿ ಸಿ.ವಿ. ರಾಮನ್, ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಎನ್.ಕೆ. ಪಣಿಕ್ಕರ್, ಭೂವಿಜ್ಞಾನಿ ಡಿ.ಎನ್. ವಾಡಿಯಾ, ಈ ಮೂವರ ನೆನಪಿಗೆ ಇಟ್ಟ ಹೆಸರುಗಳು ಅವು. ಸುತ್ತಲಿನ ತಳದಿಂದ ಸಾವಿರ ಮೀಟರ್ ಅಥವಾ ಅದಕ್ಕಿಂತ ಎತ್ತರಕ್ಕೆ ಎದ್ದು, ನೀರಿನ ಮೇಲೆ ತಲೆ ಹಾಕದ ಬೆಟ್ಟವನ್ನು ಸೀಮೌಂಟ್ ಎನ್ನುವುದು ಹಳೆಯ ವಾಡಿಕೆ. ಈಗ ಇನ್ನೂ ಚಿಕ್ಕವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಬಹುಪಾಲು ಹಳೆಯ ಜ್ವಾಲಾಮುಖಿಗಳು. ನೆತ್ತಿ ಚಪ್ಪಟೆಯಾಗಿದ್ದರೆ ಗೀಯೋ. ಒಂದು ಕಾಲಕ್ಕೆ ದ್ವೀಪವಾಗಿದ್ದು, ಅಲೆಗಳು ತಲೆಯನ್ನು ಸವೆಸಿದ ಮೇಲೆ ಮೆಲ್ಲಗೆ ಮುಳುಗಿದ ಬೆಟ್ಟ ಅದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹಡಗೊಂದರ ಕ್ಯಾಪ್ಟನ್ ಆಗಿದ್ದ ಭೂವಿಜ್ಞಾನಿ ಹ್ಯಾರಿ ಹೆಸ್ ಪೆಸಿಫಿಕ್ಕಿನಲ್ಲಿ ಸಾಗುವಾಗ ಆಳ ಅಳೆಯುವ ಯಂತ್ರವನ್ನು ಬಿಡದೆ ಚಾಲೂ ಇಟ್ಟುಕೊಂಡು ಇಂಥ ಚಪ್ಪಟೆ ಬೆಟ್ಟಗಳನ್ನು ಕಂಡುಹಿಡಿದರು, 1946ರಲ್ಲಿ ಅವಕ್ಕೆ ಈ ಹೆಸರು ಕೊಟ್ಟರು.

ನೇತ್ರಾಣಿಯನ್ನು ಇವುಗಳ ಜೊತೆ ಸೇರಿಸಬೇಡಿ. ಮುರ್ಡೇಶ್ವರದಿಂದ ದೋಣಿ ಹತ್ತಿ ಹೋಗಿ ಡೈವ್ ಮಾಡುವವರು ನೋಡುವ ಹವಳ ಬಿಸಿಲಿನ ಹವಳ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ, ಅವು ಬೆಳಕಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತವೆ. ಇನ್ನೂರು ಮೀಟರ್ ದಾಟಿದ ಮೇಲೆ ಪಾಚಿ ಬದುಕುವಷ್ಟು ಬೆಳಕಿಲ್ಲ, ಸಾವಿರ ಮೀಟರಿನ ಕೆಳಗೆ ಬಿಸಿಲಿನ ಸುಳಿವೇ ಇಲ್ಲ. ಅಲ್ಲಿನ ಹವಳ ಬೇರೆಯೇ ಜಾತಿ. ಕಲ್ಲನ್ನು ಹಿಡಿದು ನಿಂತು, ಹರಿಯುವ ನೀರಿಗೆ ಕೈಚಾಚಿ, ತೇಲಿಬಂದ ತುಣುಕನ್ನು ಹಿಡಿದು ತಿನ್ನುತ್ತದೆ. ಹಾಗಾಗಿ ಅದಕ್ಕೆ ಎರಡು ಬೇಕು: ಕಾಲೂರಲು ಗಟ್ಟಿ ಕಲ್ಲು, ಊಟ ತರಲು ಓಡುವ ನೀರು. ಆಳದ ಬಯಲಿನಲ್ಲಿ ಎರಡೂ ಅಪರೂಪ, ಎತ್ತ ನೋಡಿದರೂ ಮೆತ್ತನೆಯ ಕೆಸರು. ಬೆಟ್ಟದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಕಾಳಿ ನದಿಯ ಸೇತುವೆ ಕಂಬಗಳ ಇಕ್ಕೆಲದಲ್ಲಿ ನೀರು ಬಿರುಸಾಗುವುದನ್ನು ನೀವು ನೋಡಿರುತ್ತೀರಿ, ಕಂಬಕ್ಕೆ ಸಿಂಪಿ ಮೆತ್ತಿಕೊಂಡಿರುವುದನ್ನೂ ನೋಡಿರುತ್ತೀರಿ. ಅದನ್ನೇ ಎರಡು ಸಾವಿರ ಮೀಟರ್ ಎತ್ತರಕ್ಕೆ ಹಿಗ್ಗಿಸಿ ಯೋಚಿಸಿ.

ಮೀನಿನ ವಿಷಯದಲ್ಲಿ ನಿಮ್ಮ ತಂದೆಯವರು ಕಂಡದ್ದಕ್ಕೂ ಆಳದ ಬೆಟ್ಟದಲ್ಲಿ ನಡೆಯುವುದಕ್ಕೂ ಹೋಲಿಕೆ ಇದೆ. ಲಾಂದ್ರ ಮೀನು ಮೊದಲಾದ ಸಣ್ಣ ಜೀವಿಗಳು ರಾತ್ರಿ ಮೇಲೆ ಬಂದು ತಿಂದು, ಬೆಳಗಾಗುವ ಮುನ್ನ ಆಳಕ್ಕೆ ಇಳಿಯುತ್ತವೆ. ರಾತ್ರಿಯಿಡೀ ಪ್ರವಾಹ ಅವನ್ನು ಅತ್ತಿತ್ತ ಒಯ್ದಿರುತ್ತದೆ. ಇಳಿಯುವಾಗ ಕೆಳಗೆ ಬೆಟ್ಟದ ನೆತ್ತಿ ಅಡ್ಡ ಬಂದರೆ ಅಲ್ಲೇ ಸಿಕ್ಕಿಬೀಳುತ್ತವೆ. ನೆತ್ತಿಯ ಮೀನುಗಳಿಗೆ ಊಟ ಬಾಗಿಲಿಗೇ ಬಂದಂತೆ.

ಇನ್ನು ನಕ್ಷೆ. ಬೆಟ್ಟವಿದೆ ಎಂಬ ಮೊದಲ ಸುಳಿವು ಹಲವು ಬಾರಿ ಬರುವುದು ಆಕಾಶದಿಂದ. ಬೆಟ್ಟದ ಕಲ್ಲಿನ ರಾಶಿ ತನ್ನ ಸೆಳೆತದಿಂದ ಸುತ್ತಲಿನ ನೀರನ್ನು ಸ್ವಲ್ಪ ತನ್ನತ್ತ ಎಳೆದುಕೊಳ್ಳುತ್ತದೆ. ಎರಡು ಸಾವಿರ ಮೀಟರ್ ಎತ್ತರದ ಬೆಟ್ಟದ ಮೇಲೆ ಸಮುದ್ರದ ಮೈ ಸುಮಾರು ಎರಡು ಮೀಟರ್ ಉಬ್ಬಿರುತ್ತದೆ. ಉಬ್ಬು ಹತ್ತಾರು ಕಿಲೋಮೀಟರಿಗೆ ಹರಡಿರುವುದರಿಂದ ಅದರ ಮೇಲೆ ದೋಣಿ ನಡೆಸುವವರಿಗೆ ತಿಳಿಯುವುದೇ ಇಲ್ಲ, ಉಪಗ್ರಹದ ರೇಡಾರಿಗೆ ತಿಳಿಯುತ್ತದೆ. ಜಗತ್ತಿನ ಹತ್ತಾರು ಸಾವಿರ ಸೀಮೌಂಟ್‌ಗಳ ಪಟ್ಟಿ ಹೀಗೆ ಬಂದದ್ದು. ಹಡಗು ಮೇಲೆ ಹಾದು ಸರಿಯಾಗಿ ಅಳೆದದ್ದು ಅದರಲ್ಲಿ ಕೊಂಚವೇ. ಇಡೀ ಸಾಗರತಳದಲ್ಲಿ ಈ ಕಾಲದ ಯಂತ್ರಗಳಿಂದ ಅಳೆದ ಭಾಗ ಇವತ್ತಿಗೂ ಕಾಲುಪಾಲಿನ ಆಸುಪಾಸಿನಲ್ಲಿದೆ.

ಹಡಗಿನ ಅಳತೆ ಶಬ್ದದ ಅಳತೆ. ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಮಾರು ಲೆಕ್ಕದಲ್ಲಿ ಆಳ ನೋಡುತ್ತಿದ್ದರು. ಇಂದು ಮಲ್ಟಿಬೀಮ್ ಯಂತ್ರ ಹಡಗಿನ ಅಡಿಯಿಂದ ಬೀಸಣಿಗೆಯಂತೆ ನೂರಾರು ಶಬ್ದಕಿರಣಗಳನ್ನು ಬಿಡುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಮೂರು ಸಾವಿರ ಮೀಟರ್ ಆಳದ ತಳ ಮುಟ್ಟಿ ಮರಳಲು ನಾಲ್ಕು ಸೆಕೆಂಡು. ಆದರೆ ಈ ವೇಗ ನೀರಿನ ಬಿಸಿ, ಉಪ್ಪು, ಒತ್ತಡದೊಂದಿಗೆ ಬದಲಾಗುತ್ತದೆ. ಅರಬ್ಬೀ ಸಮುದ್ರದ ಮೇಲ್ಪದರ 28 ಡಿಗ್ರಿಯಷ್ಟು ಬೆಚ್ಚಗಿದ್ದರೆ ಮೂರು ಸಾವಿರ ಮೀಟರಿನಲ್ಲಿ ಎರಡು ಡಿಗ್ರಿಯ ಸುಮಾರು. ಆ ಏರಿಳಿತವನ್ನು ಅಲ್ಲೇ ಅಳೆದು ಲೆಕ್ಕಕ್ಕೆ ಸೇರಿಸದಿದ್ದರೆ ಓರೆಯಾಗಿ ಹೋದ ಕಿರಣಗಳು ಬಾಗಿ, ಸಪಾಟು ತಳವೂ ಅಂಚಿನಲ್ಲಿ ಬಟ್ಟಲಿನಂತೆ ಮೇಲೆದ್ದು ಕಾಣುತ್ತದೆ. ಮರಳಿ ಬಂದ ಶಬ್ದದ ಗಟ್ಟಿತನ ಇನ್ನೊಂದು ಸುಳಿವು. ಬರಿಯ ಕಲ್ಲು ಶಬ್ದವನ್ನು ಜೋರಾಗಿ ಹಿಂದಿರುಗಿಸುತ್ತದೆ, ಕೆಸರು ನುಂಗಿಕೊಳ್ಳುತ್ತದೆ. ತಾಂಡೇಲರು ಫಿಶ್ ಫೈಂಡರಿನ ಗೆರೆಯ ದಪ್ಪ ನೋಡಿ "ಇಲ್ಲಿ ಕಲ್ಲು, ಇಲ್ಲಿ ರಾಡಿ" ಎನ್ನುವುದು ಇದೇ ತತ್ತ್ವದಿಂದ. ನಿಮ್ಮ ತಂದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ಈಗ ಕಿರಣದ ಅಗಲ ನೋಡಿ. ಒಂದು ಡಿಗ್ರಿ ಅಗಲದ ಕಿರಣ ಸಾವಿರ ಮೀಟರ್ ಆಳದಲ್ಲಿ ತಳವನ್ನು ಮುಟ್ಟುವಾಗ ಹದಿನೇಳು ಮೀಟರ್ ಅಗಲವಾಗಿರುತ್ತದೆ, ಮೂರು ಸಾವಿರದಲ್ಲಿ ಐವತ್ತೆರಡು ಮೀಟರ್. ಅಷ್ಟು ಜಾಗಕ್ಕೆ ಒಂದೇ ಆಳದ ಸಂಖ್ಯೆ. ಆ ಐವತ್ತೆರಡು ಮೀಟರಿನೊಳಗೆ ಮನೆಯಷ್ಟು ಎತ್ತರದ ಬಂಡೆ, ಅದರ ಮೇಲೆ ಹವಳದ ಪೊದೆ, ಪಕ್ಕದಲ್ಲಿ ಮರಳಿನ ಕಣಿವೆ ಎಲ್ಲ ಇರಬಹುದು, ನಕ್ಷೆಯಲ್ಲಿ ಅದೆಲ್ಲ ಒಂದು ಚುಕ್ಕೆ. ಸ್ವಯಂಚಾಲಿತ ಜಲನೌಕೆಯನ್ನು ತಳದಿಂದ ಐವತ್ತು ಮೀಟರ್ ಮೇಲೆ ಓಡಿಸಿ ಅದೇ ಅಳತೆ ಮಾಡಿದರೆ ಚುಕ್ಕೆ ಒಂದು ಮೀಟರಿಗೆ ಇಳಿಯುತ್ತದೆ, ಆದರೆ ಆ ನೌಕೆ ಒಂದು ದಿನದಲ್ಲಿ ಸುತ್ತಿಬರುವ ಜಾಗ ಚಿಕ್ಕದು. ಹೆಚ್ಚು ಜಾಗ ಬೇಕೋ ಹೆಚ್ಚು ವಿವರ ಬೇಕೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಇದಾದ ಮೇಲೆ ಕ್ಯಾಮೆರಾ ಇಳಿಯುತ್ತದೆ. ಕೇಬಲ್ಲಿಗೆ ಕಟ್ಟಿ ಹಡಗು ಎಳೆಯುವ ಕ್ಯಾಮೆರಾ ಇರಬಹುದು, ಹಡಗಿನಲ್ಲಿ ಕುಳಿತು ನಡೆಸುವ, ಆರ್‌ಓವಿ ಎಂಬ ಆಳಿಲ್ಲದ ಯಂತ್ರನೌಕೆ ಇರಬಹುದು. ಚಿತ್ರದಲ್ಲಿ ಹತ್ತು ಸೆಂಟಿಮೀಟರ್ ಅಂತರದ ಎರಡು ಲೇಸರ್ ಚುಕ್ಕೆಗಳು ಬೀಳುವಂತೆ ಮಾಡಿರುತ್ತಾರೆ, ಜೀವಿಯ ಗಾತ್ರ ಅದರಿಂದ ಗೊತ್ತಾಗಬೇಕು. ಒಂದು ಲೆಕ್ಕ ಹಾಕೋಣ. ಕ್ಯಾಮೆರಾದ ಕಣ್ಣಿಗೆ ಎರಡು ಮೀಟರ್ ಅಗಲ ಬೀಳುತ್ತದೆ, ಒಂದು ಕಿಲೋಮೀಟರ್ ಓಡಿಸಿದ್ದೇವೆ ಎನ್ನಿ. ಕಂಡದ್ದು ಎರಡು ಸಾವಿರ ಚದರ ಮೀಟರ್, ನಮ್ಮ ಕಡೆಯ ಲೆಕ್ಕದಲ್ಲಿ ಇಪ್ಪತ್ತು ಗುಂಟೆ. ಬುಡದಲ್ಲಿ ಇಪ್ಪತ್ತು ಕಿಲೋಮೀಟರ್ ಅಡ್ಡಳತೆಯ ಬೆಟ್ಟದ ಹರವು 314 ಚದರ ಕಿಲೋಮೀಟರ್. ಅಂದರೆ ಕಂಡದ್ದು ಒಂದೂವರೆ ಲಕ್ಷದಲ್ಲಿ ಒಂದು ಪಾಲು. ಹತ್ತು ಕಡೆ ಇಳಿಸಿದರೂ ಹದಿನೈದು ಸಾವಿರದಲ್ಲಿ ಒಂದು. ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮೂಲೆಯಲ್ಲಿ ನಡೆದುಬಂದು ಇಡೀ ಘಟ್ಟದ ಕಾಡನ್ನು ವರ್ಣಿಸಲು ಕುಳಿತಂತೆ.

ಆ ಸಾಹಸ ಪೂರ್ತಿ ನಿರರ್ಥಕವೇನೂ ಆಗಬೇಕಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಅಲ್ಲಿಂದ ಮುಂಡಗೋಡಿಗೆ ಹೋದವರಿಗೆ ಗೊತ್ತು: ಎತ್ತರ, ಮಳೆ, ಇಳಿಜಾರಿನ ಮುಖ ಬದಲಾದಂತೆ ಕಾಡೂ ಬದಲಾಗುತ್ತದೆ. ಘಟ್ಟದ ಮೇಲಿನ ನಿತ್ಯಹಸಿರು ಕಾನು ಮೂಡಲಿಗೆ ಹೋದಂತೆ ಎಲೆ ಉದುರಿಸುವ ಕಾಡಾಗುತ್ತದೆ. ಈ ನಿಯಮ ತಿಳಿದವರು ಕಾಣದ ಇಳಿಜಾರಿನ ಬಗ್ಗೆಯೂ ಒಂದು ಮಾತು ಹೇಳಬಹುದು. ಕಡಲಡಿಯ ಬೆಟ್ಟದಲ್ಲೂ ಆಳ, ಇಳಿಜಾರು, ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ, ಆ ಜಾಗ ಸುತ್ತಲಿಗಿಂತ ದಿಬ್ಬವೋ ತಗ್ಗೋ, ತಳ ಎಷ್ಟು ಒರಟು, ಇಷ್ಟನ್ನು ಮಲ್ಟಿಬೀಮ್ ನಕ್ಷೆಯಿಂದ ತೆಗೆಯುತ್ತಾರೆ. ಕ್ಯಾಮೆರಾ ಹೋದ ಕಡೆ ಯಾವ ಜೀವಿ ಎಂಥ ಜಾಗದಲ್ಲಿ ಸಿಕ್ಕಿತು ಎಂದು ಕಂಪ್ಯೂಟರಿಗೆ ಕಲಿಸುತ್ತಾರೆ. ಕ್ಯಾಮೆರಾ ಹೋಗದ ಕಡೆ ಅಂಥದೇ ಜಾಗ ಸಿಕ್ಕರೆ ಅದೇ ಬಣ್ಣ ತುಂಬುತ್ತದೆ. ನೀವು ನೋಡಿದ ನಕ್ಷೆಯ ಬಣ್ಣ ಹೀಗೆ ಬಂದದ್ದು.

ನಮ್ಮ ಸಮುದ್ರದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಬೇಕು, ಅದನ್ನು ಬಿಟ್ಟು ಮಾಡಿದ ನಕ್ಷೆಯನ್ನು ನಾನು ಪಕ್ಕಕ್ಕೆ ಇಡುತ್ತೇನೆ. ಅದು ಆಮ್ಲಜನಕ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ ಸಾವಿರ ಮೀಟರ್ ಆಚೆಯವರೆಗೆ ಉಸಿರಾಡಲು ಆಮ್ಲಜನಕ ಬಹಳ ಕಡಿಮೆ ಇರುವ ದಪ್ಪ ಪದರವಿದೆ. ಜಗತ್ತಿನಲ್ಲೇ ತೀವ್ರವಾದವುಗಳಲ್ಲಿ ಅದೂ ಒಂದು. 1933-34ರಲ್ಲಿ ಮಬಾಹಿಸ್ ಎಂಬ ಈಜಿಪ್ಟಿನ ಹಡಗಿನಲ್ಲಿ ಜಾನ್ ಮರ್ರೆ ಯಾತ್ರೆ ನಡೆಸಿದವರು ಇಲ್ಲಿನ ಕೆಲವೆಡೆ ಆ ಆಳದ ತಳಕ್ಕೆ ಬಲೆ ಎಳೆದಾಗ ಕಣ್ಣಿಗೆ ಕಾಣುವ ಪ್ರಾಣಿಗಳೇ ಬರಲಿಲ್ಲ. ಮಳೆಗಾಲದ ಕೊನೆಗೆ, ಆಗಸ್ಟಿನಿಂದ ಅಕ್ಟೋಬರ್ ನಡುವೆ, ಆಳದ ಇಂಥ ನೀರು ನಮ್ಮ ದಡದ ಕಡೆಗೂ ಏರಿ ಬರುವುದುಂಟು. ಬೆಟ್ಟದ ನೆತ್ತಿ ಈ ಪದರದೊಳಗೆ ಚುಚ್ಚಿಕೊಂಡಿದ್ದರೆ ಏನಾಗುತ್ತದೆ? ಪೆಸಿಫಿಕ್ಕಿನಲ್ಲಿ ಮೆಕ್ಸಿಕೋದ ಆಚೆ ವಾಲ್ಕೇನೋ 7 ಎಂಬ ಸೀಮೌಂಟ್ ಇದೆ, ಅದರ ತುದಿ ಇಂಥ ಪದರದಲ್ಲಿ ಸುಮಾರು 730 ಮೀಟರ್ ಆಳದಲ್ಲಿದೆ. 1980ರ ದಶಕದಲ್ಲಿ ಆಲ್ವಿನ್ ಜಲನೌಕೆಯಲ್ಲಿ ಇಳಿದವರಿಗೆ ತುದಿಯಲ್ಲಿ ದೊಡ್ಡ ಪ್ರಾಣಿಗಳು ವಿರಳವಾಗಿ ಕಂಡವು. ಅದೇ ಬೆಟ್ಟದಲ್ಲಿ ಬರೀ ಹತ್ತಾರು ಮೀಟರ್ ಕೆಳಗೆ ಜೀವಿಗಳು ಒತ್ತೊತ್ತಾಗಿದ್ದವು. ಅಲ್ಲಿ ಆಮ್ಲಜನಕ ತುಸು ಹೆಚ್ಚು, ಮೇಲಿನಿಂದ ಉದುರಿದ ಆಹಾರವೂ ಉಂಟು. ಆಳದ ಲೆಕ್ಕವೊಂದನ್ನೇ ಹಿಡಿದು ಬಣ್ಣ ತುಂಬುವವರಿಗೆ ಈ ಹತ್ತಾರು ಮೀಟರಿನ ತಿರುವು ಕೈತಪ್ಪುತ್ತದೆ. ಬೇರೆ ಸಾಗರದಲ್ಲಿ ಕಲಿಸಿದ ಕಂಪ್ಯೂಟರನ್ನು ತಂದು ಅರಬ್ಬೀ ಸಮುದ್ರದ ಬೆಟ್ಟಕ್ಕೆ ಹಚ್ಚಬಾರದು ಎನ್ನುವುದು ಇದೇ ಕಾರಣಕ್ಕೆ.

ಇನ್ನು ಬಲೆ ಎತ್ತಿ ನೋಡುವ ಹಂತ. ದಕ್ಷಿಣ ಪೆಸಿಫಿಕ್ಕಿನ ಲೂಯಿವಿಲ್ ಸೀಮೌಂಟ್ ಸಾಲಿನಲ್ಲಿ ನ್ಯೂಜಿಲೆಂಡಿನ ವಿಜ್ಞಾನಿಗಳು ಇದನ್ನು ಧೈರ್ಯವಾಗಿ ಮಾಡಿದರು. ಇಲ್ಲಿ ಹವಳ ಇರಬೇಕು, ಇಲ್ಲಿ ಇರಲಾರದು ಎಂದು ಕಂಪ್ಯೂಟರ್ ಹೇಳಿದ ಕಡೆಗಳಿಗೇ ಹೋಗಿ ಕ್ಯಾಮೆರಾ ಇಳಿಸಿದರು. ವಿಶಾಲ ಪ್ರದೇಶಕ್ಕೆಂದು ಮಾಡಿದ ಆ ನಕ್ಷೆಗಳು ತಳದಲ್ಲಿ ಕಂಡದ್ದಕ್ಕೆ ಸರಿಯಾಗಿ ಹೊಂದಲಿಲ್ಲ, 2016ರಲ್ಲಿ ಅದನ್ನು ಹಾಗೆಯೇ ಪ್ರಕಟಿಸಿದರು. ಕಾರಣಗಳಲ್ಲಿ ಎರಡು ಮುಖ್ಯ. ನಕ್ಷೆಗೆ ಬಳಸಿದ ಆಳದ ಅಂಕಿಗಳೇ ಹಲವೆಡೆ ತಪ್ಪಾಗಿದ್ದವು. ಇನ್ನೊಂದು, ಹವಳ ಸಿಕ್ಕ ಜಾಗಗಳ ಪಟ್ಟಿ ಇತ್ತು, ನೋಡಿಯೂ ಸಿಗದ ಜಾಗಗಳ ಪಟ್ಟಿ ಇರಲಿಲ್ಲ. ನನ್ನ ಮಟ್ಟಿಗೆ, ಚಂದದ ನಕ್ಷೆ ಬಿಡಿಸಿದ ಹತ್ತು ವರದಿಗಳಿಗಿಂತ ಈ ಒಂದು ದೊಡ್ಡದು.

ಈ ಎರಡನೆಯ ಕಾರಣವನ್ನು ನಾನು ಕಾರವಾರದ ಬಂಡೆಗಳ ಮೇಲೆಯೇ ಕಲಿತವನು. ವಿದ್ಯಾರ್ಥಿಯಾಗಿದ್ದಾಗ ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಅರ್ಧ ಮೀಟರಿನ ಚೌಕಟ್ಟು ಇಟ್ಟು ಒಳಗಿನ ಜೀವಿಗಳನ್ನು ಎಣಿಸುತ್ತಿದ್ದೆ. ಮೇಲೆ ಪುಟ್ಟ ಶಂಖದ ಹುಳುಗಳು, ಅದರ ಕೆಳಗೆ ಕಲ್ಲಿಗೆ ಅಂಟಿ ಬದುಕುವ ಬಾರ್ನಕಲ್‌ಗಳ ಪಟ್ಟಿ, ಇನ್ನೂ ಕೆಳಗೆ ಸಿಂಪಿ, ನೀರಂಚಿಗೆ ಕಡಲಪಾಚಿ. ಪಟ್ಟಿಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಆರು ಚೌಕಟ್ಟು ಎಣಿಸಿ ಇಡೀ ಬಂಡೆಯ ನಕ್ಷೆ ಬರೆದು ಗುರುಗಳ ಮುಂದೆ ಇಟ್ಟೆ. ಅವರು ಏನೂ ಹೇಳದೆ ಮುಂದಿನ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ನನ್ನನ್ನು ಅದೇ ಬಂಡೆಗೆ ಕರೆದೊಯ್ದು, ಬಗ್ಗಿ ಕೆಳಗೆ ನೋಡಲು ಹೇಳಿದರು. ಬಂಡೆಯ ಅಡಿಯ ನೆರಳಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ಸ್ಪಂಜು, ಹೂವಿನಂತೆ ಅರಳಿದ ಕಡಲ ಅನಿಮೋನ್, ಬೇರೆ ಏಡಿಗಳು, ನನ್ನ ಪಟ್ಟಿಯಲ್ಲಿ ಇಲ್ಲದ ಒಂದು ಲೋಕವೇ ಇತ್ತು. ಚೌಕಟ್ಟು ನಿಲ್ಲುವ ಜಾಗದಲ್ಲಷ್ಟೇ ನಾನು ಎಣಿಸಿದ್ದೆ. ಆ ಸಂದಿಯನ್ನು ನಕ್ಷೆಯಲ್ಲಿ ಖಾಲಿ ಬಿಟ್ಟಿದ್ದರೆ ತಪ್ಪಾಗುತ್ತಿರಲಿಲ್ಲ, ಆದರೆ ನಾನು "ಜೀವಿ ಇಲ್ಲ" ಎಂದು ಬರೆದಿದ್ದೆ. ನೋಡಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಎಷ್ಟು ಅಂತರ ಎಂದು ಆ ದಿನ ತಿಳಿಯಿತು.

ಆಳದ ಬೆಟ್ಟದಲ್ಲಿ ಇಂಥ ಸಂದಿಗಳು ಎಲ್ಲೆಡೆ. ಕಡಿದಾದ ಗೋಡೆಗಳಲ್ಲಿ, ಚಾಚಿದ ಬಂಡೆಯ ಅಡಿಯಲ್ಲಿ ಹವಳ ಹೆಚ್ಚು. ಅಲ್ಲಿಗೆ ಎಳೆಯುವ ಕ್ಯಾಮೆರಾ ಹೋಗಲಾರದು, ಮಲ್ಟಿಬೀಮ್ ಮೇಲಿನಿಂದ ನೋಡುವುದರಿಂದ ಗೋಡೆಯೇ ಕಾಣುವುದಿಲ್ಲ. ಹಳೆಯ ಕಾಲದಿಂದ ಬಳಸುವ ಡ್ರೆಜ್, ಅಂದರೆ ತಳವನ್ನು ಕೆರೆದು ತರುವ ಕಬ್ಬಿಣದ ಬುಟ್ಟಿ, ನೂರಾರು ಮೀಟರ್ ಇಳಿಜಾರಿನುದ್ದಕ್ಕೆ ಎಳೆದು ಬರುತ್ತದೆ. ಮುರಿದ ಹವಳ ಬಂದರೆ ಆ ಹಾದಿಯಲ್ಲಿ ಯಾವ ಜಾಗದ್ದು ಎಂದು ಹೇಳುವಂತಿಲ್ಲ. ಆರ್‌ಓವಿಯ ಜಾಗವನ್ನೂ ಶಬ್ದದಿಂದಲೇ ಗುರುತಿಸುವುದು. ಎರಡು ಸಾವಿರ ಮೀಟರ್ ಆಳದಲ್ಲಿ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗುವುದು ಸಾಮಾನ್ಯ. ಚಿತ್ರದ ಹವಳವನ್ನು ಪಕ್ಕದ ಬೇರೆ ಇಳಿಜಾರಿಗೆ ಸೇರಿಸಿಬಿಡಲು ಅಷ್ಟು ಸಾಕು.

ಹೆಸರು ಹಿಡಿಯುವುದು ಬೇರೆಯೇ ಕಷ್ಟ. ಚಿತ್ರ ನೋಡಿ ಇಂಥ ಜಾತಿ ಎಂದು ಹೇಳಲು ಬಹಳ ಸಲ ಆಗುವುದಿಲ್ಲ. ಬಿದಿರು ಹವಳ, ಬೀಸಣಿಗೆ ಹವಳ ಎಂದು ಆಕಾರ ನೋಡಿ ಗುಂಪು ಮಾಡಬಹುದಷ್ಟೆ. ಖಚಿತವಾಗಿ ಹೇಳಲು ಒಂದು ತುಂಡು ಕೈಗೆ ಬರಬೇಕು, ಅದರ ಮೈಯೊಳಗಿನ ಸುಣ್ಣದ ಸೂಜಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಇನ್ನೊಂದು ತುಂಡನ್ನು ಆಲ್ಕೋಹಾಲಿನಲ್ಲಿಟ್ಟು ಡಿಎನ್ಎ ತೆಗೆಯಬೇಕು. ಒಂದೇ ವೀಡಿಯೋವನ್ನು ಇಬ್ಬರು ಬೇರೆ ಬೇರೆ ಎಣಿಸಿದರೆ ಎರಡು ಉತ್ತರ ಬರುವುದೂ ಇದೆ, ಹಾಗಾಗಿ ಒಳ್ಳೆಯ ತಂಡಗಳು ಒಂದಷ್ಟು ಭಾಗವನ್ನು ಇಬ್ಬರಿಂದ ಎಣಿಸಿ ಹೊಂದಿಸಿ ನೋಡುತ್ತವೆ. ನೀರಿನಲ್ಲಿ ಕರಗಿದ ಡಿಎನ್ಎ ಸೋಸಿ ಜೀವಿಗಳನ್ನು ಪತ್ತೆಹಚ್ಚುವ ಹೊಸ ದಾರಿಯೂ ಬಂದಿದೆ. ಪ್ರವಾಹ ಆ ಡಿಎನ್ಎಯನ್ನು ಎಲ್ಲಿಂದ ಹೊತ್ತು ತಂದಿತು ಎಂಬ ಪ್ರಶ್ನೆ ಅದರ ಜೊತೆಗೇ ಬರುತ್ತದೆ.

ಇಷ್ಟೆಲ್ಲ ತೊಡಕಿರುವ ನಕ್ಷೆ ಯಾಕೆ ಬೇಕು ಎಂದು ನಿಮ್ಮ ತಂದೆಯವರು ಕೇಳಬಹುದು. ಆ ನಕ್ಷೆಯ ಮೇಲೆ ತೀರ್ಮಾನಗಳು ಆಗುತ್ತವೆ, ಒಮ್ಮೆ ಆದರೆ ಹಿಂದಕ್ಕೆ ತರಲಾಗದ ತೀರ್ಮಾನಗಳು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದ ದಕ್ಷಿಣದ ಸೀಮೌಂಟ್‌ಗಳಲ್ಲಿ ಆರೆಂಜ್ ರಫಿ ಎಂಬ ಮೀನಿಗಾಗಿ ಭಾರದ ಟ್ರಾಲ್ ಬಲೆ ಎಳೆದರು. ನೂರು ವರ್ಷಕ್ಕೂ ಮಿಕ್ಕಿ ಬದುಕುವ, ಮೂವತ್ತರ ಹೊತ್ತಿಗೆ ಮೊಟ್ಟೆಯಿಡುವ ಮೀನು ಅದು, ನಮ್ಮ ಬಂಗಡೆ, ತಾರ್ಲೆಯಂತೆ ವರ್ಷಕ್ಕೆ ತುಂಬಿಕೊಳ್ಳುವಂಥದ್ದಲ್ಲ. 1997ರಲ್ಲಿ ವಿಜ್ಞಾನಿಗಳು ನೋಡಿದಾಗ, ಹೆಚ್ಚು ಬಲೆ ಎಳೆದ ಬೆಟ್ಟಗಳಲ್ಲಿ ಹವಳದ ಹೊದಿಕೆ ಹೋಗಿ ಬರಿಗಲ್ಲು ಉಳಿದಿತ್ತು. ನ್ಯೂಜಿಲೆಂಡಿನ ಗ್ರೇವ್‌ಯಾರ್ಡ್ ಎಂಬ ಬೆಟ್ಟಗಳ ಗುಂಪಿನಲ್ಲಿ ಕೆಲವಕ್ಕೆ 2001ರಿಂದ ಟ್ರಾಲಿಂಗ್ ನಿಲ್ಲಿಸಿದರು. ಹದಿನೈದು ವರ್ಷ ಮತ್ತೆ ಮತ್ತೆ ಹೋಗಿ ನೋಡಿದರೂ ಹವಳ ಮರಳಿ ಬಂದ ಗುರುತು ಸಿಕ್ಕಿದ್ದು ತೀರಾ ಕಡಿಮೆ. ಹವಾಯಿಯ ಆಳದ ಕಪ್ಪು ಹವಳವೊಂದರ ವಯಸ್ಸು ನಾಲ್ಕು ಸಾವಿರ ವರ್ಷ ಮೀರಿದ್ದು ಕಾರ್ಬನ್ ಅಳತೆಯಿಂದ ಗೊತ್ತಾಗಿದೆ. ನಮ್ಮಲ್ಲಿ ಮಳೆಗಾಲಕ್ಕೆ ಜೂನ್, ಜುಲೈ ಅರವತ್ತೊಂದು ದಿನ ಯಾಂತ್ರಿಕ ದೋಣಿ ಇಳಿಸದೆ ಸಮುದ್ರಕ್ಕೆ ಬಿಡುವು ಕೊಡುತ್ತೇವೆ. ಆ ಬೆಟ್ಟಗಳಿಗೆ ಎಷ್ಟು ತಲೆಮಾರಿನ ಬಿಡುವು ಬೇಕಾದೀತು!

ಈಗ ಗಣಿಗಾರಿಕೆಯ ಮಾತೂ ಬಂದಿದೆ. ಸೀಮೌಂಟ್‌ಗಳ ಬರಿಗಲ್ಲಿನ ಮೇಲೆ ಕೋಬಾಲ್ಟ್ ತುಂಬಿದ ಕಪ್ಪು ಲೋಹದ ಹೊಪ್ಪಳೆ ಕಟ್ಟುತ್ತದೆ, ಹತ್ತು ಲಕ್ಷ ವರ್ಷಕ್ಕೆ ಒಂದರಿಂದ ಐದು ಮಿಲಿಮೀಟರಿನಂತೆ. ಶ್ರೀಲಂಕಾದ ಆಗ್ನೇಯಕ್ಕೆ, ಸಮಭಾಜಕ ದಾಟಿ, ಅಫಾನಾಸಿ ನಿಕಿತಿನ್ ಎಂಬ ದೊಡ್ಡ ಸೀಮೌಂಟ್ ಇದೆ. ಹೆಸರು ಕೇಳಿದರೆ ಕನ್ನಡಿಗರಿಗೆ ನೆನಪಾಗಬೇಕು, ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಬೀದರಿಗೆ ಬಂದು, ಕಂಡದ್ದನ್ನು ಬರೆದಿಟ್ಟ ರಷ್ಯಾದ ವ್ಯಾಪಾರಿ ಆತ. ಆ ಬೆಟ್ಟದ ಕೋಬಾಲ್ಟ್ ಹೊಪ್ಪಳೆಯ ಅನ್ವೇಷಣೆಗೆ ಹದಿನೈದು ವರ್ಷದ ಅನುಮತಿ ಕೋರಿ ಭಾರತ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿತು. ಅನ್ವೇಷಣೆ ಬೇಡ ಎಂದು ನಾನು ಹೇಳುವುದಿಲ್ಲ, ದೇಶಕ್ಕೆ ಕೋಬಾಲ್ಟ್ ಬೇಕು. ಆದರೆ ಯಂತ್ರ ಕೆರೆದು ತೆಗೆಯಬೇಕಾದ ಹೊಪ್ಪಳೆಯೂ ಹವಳ ಕಾಲೂರಿ ನಿಂತ ಕಲ್ಲೂ ಒಂದೇ. ಅಲ್ಲಿ ಏನಿದೆ ಎಂಬ ಪಟ್ಟಿಯನ್ನು ಕೆರೆಯುವ ಮೊದಲೇ, ಒಂದಲ್ಲ ಹಲವು ಋತುಗಳಲ್ಲಿ, ಸಂದಿಗಳನ್ನೂ ಸೇರಿಸಿ ಬರೆಯಬೇಕು. ಹಾಗೆ ಬರೆಯದೆ ಕೊಟ್ಟ ಅನುಮತಿಗೆ ನನ್ನ ಒಪ್ಪಿಗೆಯಿಲ್ಲ. 2021ರಲ್ಲಿ ಕೇಂದ್ರ ಸಂಪುಟ 4,077 ಕೋಟಿ ರೂಪಾಯಿಯ ಡೀಪ್ ಓಷನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಒಯ್ಯುವ ಮತ್ಸ್ಯ 6000 ಜಲನೌಕೆಯನ್ನು ಅದರಡಿ ಕಟ್ಟುತ್ತಿದೆ. ಆ ನೌಕೆಯ ಕಿಟಕಿಯಲ್ಲಿ ಕೂರುವವರಲ್ಲಿ ಒಬ್ಬರಾದರೂ ಹವಳ, ಸ್ಪಂಜುಗಳ ಹೆಸರು ಬಲ್ಲವರಾಗಿರಲಿ ಎಂಬುದು ನನ್ನ ಆಸೆ. ಯಂತ್ರ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ತಳದ ಜೀವಿಗಳ ಹೆಸರು ಬಲ್ಲವರನ್ನು ಬೆರಳೆಣಿಸಬೇಕು.

ಹಾಗಾದರೆ ಮುಂದಿನ ಸಲ ಅಂಥ ನಕ್ಷೆ ಕಂಡಾಗ ಏನು ನೋಡಬೇಕು? ಮೊದಲು ಕ್ಯಾಮೆರಾ ಹೋದ ಗೆರೆಗಳನ್ನು ಹುಡುಕಿ. ಅವನ್ನು ತೋರಿಸದ ನಕ್ಷೆಯ ಬಣ್ಣಕ್ಕೆ ಬೆಲೆ ಕೊಡಬೇಡಿ. ಪಕ್ಕದಲ್ಲಿ ಇನ್ನೊಂದು ನಕ್ಷೆ, ಎಲ್ಲಿ ಎಷ್ಟು ಭರವಸೆ ಎಂದು ತೋರಿಸುವುದು, ಇದೆಯೇ ನೋಡಿ. ಆಮೇಲೆ, ಪರೀಕ್ಷೆ ಮಾಡಿದ್ದೇವೆ ಎಂದು ಬರೆದಿದ್ದರೆ ಹೇಗೆ ಎಂದು ಓದಿ. ಒಂದೇ ಗೆರೆಯ ಅರ್ಧ ಚಿತ್ರಗಳಿಂದ ಕಲಿಸಿ ಉಳಿದರ್ಧದಿಂದ ಪರೀಕ್ಷಿಸಿದರೆ ಕಂಪ್ಯೂಟರ್ ಸುಲಭವಾಗಿ ಪಾಸಾಗುತ್ತದೆ, ಹತ್ತು ಹೆಜ್ಜೆ ಆಚೆಯ ಜಾಗ ಇಲ್ಲಿನಂತೆಯೇ ಇರುತ್ತದೆ ತಾನೇ. ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ, ಅಥವಾ ಪಕ್ಕದ ಬೇರೆ ಬೆಟ್ಟದಲ್ಲಿ ಪರೀಕ್ಷಿಸಿದ್ದರೆ ಆ ತಂಡ ತನ್ನ ಕೆಲಸವನ್ನು ನಿಜವಾಗಿ ಪಣಕ್ಕೆ ಒಡ್ಡಿದೆ.

ನೀವು ಈ ದಾರಿಗೆ ಬರುವುದಾದರೆ ದೂರ ಹೋಗಬೇಕಾಗಿಲ್ಲ, ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ನಿಮ್ಮೂರಿನ ಕೋಡಿಬಾಗದಲ್ಲೇ ಇದೆ. ಅಲ್ಲಿಗೆ ಸೇರುವ ಮುಂಚೆಯೇ ಒಂದು ಕೆಲಸ ಶುರು ಮಾಡಬಹುದು. ನಿಮ್ಮ ತಂದೆಯವರ ಜಿಪಿಎಸ್ಸಿನಲ್ಲಿ ಬಲೆ ಕಲ್ಲಿಗೆ ಸಿಕ್ಕಿದ ಜಾಗಗಳ ಗುರುತು ಇದ್ದೇ ಇರುತ್ತದೆ, ಪ್ರತಿ ತಾಂಡೇಲರ ಬಳಿಯೂ ಇರುತ್ತದೆ, ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅದು ಮನೆಯಲ್ಲೇ ಇರಲಿ. ಒಂದು ನೋಟ್‌ಪುಸ್ತಕದಲ್ಲಿ ತಾರೀಖು, ಜಾಗ, ಎಷ್ಟು ಮಾರು ಆಳ, ಬಲೆಯಲ್ಲಿ ಕಲ್ಲು, ಚಿಪ್ಪು, ಸ್ಪಂಜು ಏನಾದರೂ ಬಂದಿತೇ ಎಂದು ಅವರನ್ನು ಕೇಳಿ ಬರೆದುಕೊಳ್ಳಿ. ಬಂದದ್ದರ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಬಲೆ ಎಲ್ಲೂ ಸಿಕ್ಕದೆ, ಏನೂ ಬಾರದೆ ಬರಿಯ ರಾಡಿ ತಂದ ದಿನಗಳನ್ನೂ ಬಿಡದೆ ಬರೆಯಿರಿ.